ಒಳರಸ್ತೇಲಿ ಜೀಬ್ರಾ ಪಟ್ಟೆ ಎಳೆದ್ರೆ ಸಾಕಾ? ಶಿರಸಿಯ ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾವು ಶಿರಸಿಯವ್ರು. ನಮ್ಮ ಬಡಾವಣೆ ಒಳರಸ್ತೆಗೆ ಹೋದ ವರ್ಷ ಹೊಸ ಡಾಂಬರು ಆಯ್ತು. ಅವಾಗಿಂದ ಎರಡು ದೊಡ್ಡ ರಸ್ತೆ ಮಧ್ಯೆ ಇದೇ ಶಾರ್ಟ್‌ಕಟ್ ಆಗಿದೆ, ಬೈಕು ಕಾರು ಎಲ್ಲಾ ಸಿಕ್ಕಾಪಟ್ಟೆ ಸ್ಪೀಡಲ್ಲಿ ಹೋಗ್ತವೆ. ನಮ್ಮ ಅತ್ತೆಗೆ 74 ವರ್ಷ, ಬೆಳಿಗ್ಗೆ ಎದುರಿನ ಹಾಲಿನ ಡೇರಿಗೆ ಹೋಗೋಕೇ ಹೆದರ್ತಾರೆ. ಮಗಳು ಎರಡನೇ ಕ್ಲಾಸು, ಸ್ಕೂಲ್ ವ್ಯಾನು ಆಚೆ ಬದಿ ನಿಲ್ತದೆ. ಜೀಬ್ರಾ ಕ್ರಾಸಿಂಗ್ ಹಾಕ್ಸಿ ಅಂತ ಕೇಳೋಣ ಅಂದ್ಕೊಂಡಿದೀವಿ. ಓಣಿಯ ಹುಡುಗ್ರು ನಾವೇ ಸಿಮೆಂಟ್ ಹಾಕಿ ಹಂಪ್ ಮಾಡೋಣ ಅಂತಾರೆ, ಪಕ್ಕದ ಮನೆ ಅಣ್ಣನಿಗೆ ಬೆನ್ನುನೋವು, ಅವ್ರು ಹಂಪ್ ಬೇಡ್ವೇ ಬೇಡ ಅಂತಾರೆ. ಏನು ಮಾಡೋದು, ಯಾರಿಗೆ ಬರೀಬೇಕು?

ಉತ್ತರ: ಅಕ್ಕಾ, ಮೊದಲು ನೇರ ಉತ್ತರ ಹೇಳ್ಬಿಡ್ತೇನೆ, ಆಮೇಲೆ ಕಾರಣ. ಬರೀ ಜೀಬ್ರಾ ಪಟ್ಟೆ ಕೇಳ್ಬೇಡಿ. ಬಣ್ಣಕ್ಕೆ ಖರ್ಚು ಕಮ್ಮಿ, ಕೇಳಿದ್ರೆ ಬೇಗ ಆಗ್ಲೂಬಹುದು, ಆದ್ರೆ 50ರಲ್ಲಿ ಬರೋ ಬೈಕು ಪಟ್ಟೆ ಮೇಲೂ 50ರಲ್ಲೇ ಹೋಗ್ತದೆ, ಅತ್ತೆಯವ್ರು ಮಾತ್ರ ಪಟ್ಟೆ ಇದೆಯಲ್ಲ ಅನ್ನೋ ಧೈರ್ಯದಲ್ಲಿ ಕಾಲಿಡ್ತಾರೆ. ಅದು ಈಗಿನದಕ್ಕಿಂತ ಅಪಾಯ. ನೀವು ಕೇಳ್ಬೇಕಾದ್ದು ಡೇರಿ ಎದುರು ರಸ್ತೆ ಮಟ್ಟಾನೇ ಎತ್ತರಿಸಿ ಮಾಡೋ ಒಂದು ಕ್ರಾಸಿಂಗು, ಅದಕ್ಕೆ ಎರಡೂ ಕಡೆ ಸರಿಯಾದ ಅಳತೆಯ ಹಂಪು, ಕ್ರಾಸಿಂಗ್ ಅಕ್ಕಪಕ್ಕ ಗಾಡಿ ನಿಲ್ಸದೇ ಇರೋ ಖಾಲಿ ಜಾಗ, ಮತ್ತೆ ಆ ರಸ್ತೆಗೆ 30 ಕಿ.ಮೀ. ಸ್ಪೀಡ್ ಮಿತಿಯ ಅಧಿಸೂಚನೆ. ಈ ನಾಲ್ಕೂ ಒಟ್ಟಿಗೇ ಕೇಳಿ. ಮೊದಲು ಗಾಡಿ ನಿಧಾನ ಆಗ್ಬೇಕು, ಜೀಬ್ರಾ ಆಮೇಲೆ.

ಡಾಂಬರು ಆದ್ಮೇಲೇ ಯಾಕೆ ಹೀಗಾಯ್ತು ಅಂತ ನಿಮಗೂ ಅನ್ನಿಸಿರ್ಬೇಕು. ಗಾಡಿ ಓಡಿಸೋರು ಬೋರ್ಡ್ ನೋಡಿ ಸ್ಪೀಡ್ ಹಿಡಿಯೋದು ಕಮ್ಮಿ, ರಸ್ತೆ ನೋಡಿ ಹಿಡೀತಾರೆ. ರಸ್ತೆ ನೇರ ಇದ್ದು, ಅಗಲ ಇದ್ದು, ಮೈ ನುಣ್ಣಗಿದ್ರೆ ಕಾಲು ತಾನೇ ಆಕ್ಸಿಲರೇಟರ್ ಒತ್ತತದೆ, ಒಳ್ಳೆಯವ್ರೂ ಒತ್ತುತಾರೆ. ಮೊದಲು ನಿಮ್ಮಲ್ಲಿ ಹೊಂಡ ಇತ್ತು, ಎರಡೂ ಬದಿ ಅಂಚು ಒಡೆದಿತ್ತು, ಹಂಗಾಗಿ ಎಲ್ರೂ ನಿಧಾನ ಹೋಗ್ತಿದ್ರು, ಶಾರ್ಟ್‌ಕಟ್ ಆಗಿ ಬಳಸೋರೂ ಇರ್ಲಿಲ್ಲ. ಹಾಗಂತ ಡಾಂಬರು ಬೇಡ ಅನ್ನೋಕಾಗಲ್ಲ, ಆಂಬುಲೆನ್ಸಿಗೂ ಬೇಕು, ಮಳೆಗಾಲದಲ್ಲಿ ಕೆಸರು ತುಳಿಯೋರಿಗೂ ಬೇಕು. ತಪ್ಪು ಆಗಿರೋದು ಎಲ್ಲಿ ಅಂದ್ರೆ ರಸ್ತೆ ನುಣ್ಣಗೆ ಮಾಡೋವಾಗ್ಲೇ ಸ್ಪೀಡ್ ತಗ್ಗಿಸೋ ವ್ಯವಸ್ಥೆನೂ ಅದೇ ಎಸ್ಟಿಮೇಟಲ್ಲಿ ಸೇರಿಸ್ಬೇಕಿತ್ತು, ಸೇರಿಸ್ಲಿಲ್ಲ. ನಮ್ಮ ಜಿಲ್ಲೇಲಿ ಇನ್ನೂ ಎಷ್ಟೋ ಒಳರಸ್ತೆ ಡಾಂಬರಿಗೆ ಕಾಯ್ತಾ ಇದಾವೆ. ಅಲ್ಲಿಯವ್ರು ಕೆಲಸ ಶುರುವಾಗೋ ಮೊದಲೇ ಇದನ್ನ ಕೇಳಿ ಅಂತ ನನ್ನ ಕಳಕಳಿಯ ಮನವಿ, ಆಮೇಲೆ ಕೇಳಿದ್ರೆ ಇನ್ನೊಂದು ಟೆಂಡರು, ಇನ್ನೊಂದು ವರ್ಷ.

ಈಗ 30ಕ್ಕೂ 50ಕ್ಕೂ ಅಷ್ಟೇನು ವ್ಯತ್ಯಾಸ ಅನ್ನೋದು. ಇದನ್ನ ಓಣಿಯವ್ರ ಮುಂದೆ ನೀವೇ ಲೆಕ್ಕ ಮಾಡಿ ತೋರಿಸ್ಬೇಕು, ಅದಕ್ಕೇ ಬಿಡಿಸಿ ಹೇಳ್ತೇನೆ. 30 ಕಿ.ಮೀ. ಸ್ಪೀಡಲ್ಲಿ ಗಾಡಿ ಒಂದು ಸೆಕೆಂಡಿಗೆ 8 ಮೀಟರ್ ಚಿಲ್ಲರೆ ಹೋಗ್ತದೆ, 50ರಲ್ಲಿ ಸುಮಾರು 14 ಮೀಟರ್. ಮಗು ಅಡ್ಡ ಬಂದದ್ದು ಕಂಡು ಬ್ರೇಕ್ ಮೇಲೆ ಕಾಲು ಹೋಗೋಕೆ, ತುಂಬ ಚುರುಕಿನವ್ರಿಗೇ ಅಂತ ಇಟ್ಕೊಳ್ಳಿ, ಒಂದು ಸೆಕೆಂಡ್ ಬೇಕು. ಒಣ ರಸ್ತೆ, ಒಳ್ಳೆ ಬ್ರೇಕು ಅಂದ್ರೆ 30ರಲ್ಲಿ ಬಂದ ಕಾರು ಸುಮಾರು 13 ಮೀಟರಲ್ಲಿ ಪೂರ್ತಿ ನಿಲ್ತದೆ. ಅದೇ 13 ಮೀಟರ್ ದಾಟೋವಾಗ 50ರಲ್ಲಿ ಬಂದ ಕಾರು ಇನ್ನೂ ಬ್ರೇಕೇ ಹಿಡಿದಿರಲ್ಲ! ಅಂದ್ರೆ ಒಂದು ಕಾರು ಮಗುವಿನ ಮುಂದೆ ನಿಂತಿರ್ತದೆ, ಇನ್ನೊಂದು ಅದೇ ಜಾಗದಲ್ಲಿ ಪೂರ್ತಿ 50ರ ವೇಗದಲ್ಲಿ ಹೊಡೀತದೆ. ಅದು ನಿಲ್ಲೋಕೆ 27-28 ಮೀಟರ್ ಬೇಕು. ಇನ್ನು ನಮ್ಮ ಮಳೆಗಾಲ ಸೇರಿಸಿ, ಟೈರು ಸವೆದಿದೆ, ರಸ್ತೆ ಮೇಲೆ ನೀರು ಹರೀತಿದೆ ಅಂದ್ರೆ ಬ್ರೇಕಿನ ಹಿಡಿತ ಹೆಚ್ಚುಕಮ್ಮಿ ಅರ್ಧಕ್ಕೆ ಇಳೀತದೆ, ಆವಾಗ 50ರ ಗಾಡಿಗೆ 41 ಮೀಟರ್ ಹತ್ರ ಹೋಗ್ತದೆ. ಸರಾಸರಿ ಸ್ಪೀಡು ಶೇ. 1ರಷ್ಟು ಏರಿದ್ರೆ ಸಾವಾಗೋ ಅಪಘಾತದ ಸಾಧ್ಯತೆ ಶೇ. 4ರಷ್ಟು ಏರ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದೆ. ಜನ ಮತ್ತೆ ಗಾಡಿ ಒಂದೇ ರಸ್ತೆ ಹಂಚ್ಕೊಳ್ಳೋ ಕಡೆ 30 ಕಿ.ಮೀ.ಗಿಂತ ಜಾಸ್ತಿ ಬೇಡ ಅಂತ 2020ರ ಸ್ಟಾಕ್‌ಹೋಮ್ ಘೋಷಣೆಲೂ ಇದೆ, ಹಾಗಾಗಿ 30 ಅನ್ನೋದು ನಾನು ನೀವು ಕೂತು ಮಾಡಿದ ಸಂಖ್ಯೆ ಅಲ್ಲ.

ಅತ್ತೆಯವ್ರ ಕಡೆಯಿಂದ ನೋಡಿ. ರಸ್ತೆ 7 ಮೀಟರ್ ಅಗಲ ಅಂತಾದ್ರೆ, ಹರೆಯದವ್ರು 6 ಸೆಕೆಂಡಲ್ಲಿ ದಾಟ್ತಾರೆ, 74ರ ಹಿರಿಯರಿಗೆ ಕೈಲಿ ಹಾಲಿನ ಪಾತ್ರೆ ಇದ್ರೆ 9 ಸೆಕೆಂಡಾದ್ರೂ ಬೇಕು. ಆ 9 ಸೆಕೆಂಡಲ್ಲಿ 50ರ ಬೈಕು 125 ಮೀಟರ್ ಬಂದಿರ್ತದೆ. ಅಂದ್ರೆ ಅವ್ರು ಕಾಲಿಡೋವಾಗ ಎರಡೂ ಕಡೆ 125 ಮೀಟರ್ ಖಾಲಿ ಕಾಣ್ಬೇಕು. ನಿಮ್ಮ ಓಣೀಲಿ ಅಷ್ಟು ದೂರ ಕಾಣ್ತದಾ? ಶಿರಸಿ ಅಂದ್ರೆ ಏರು ಇಳಿಜಾರು ತಿರುವು, ಚಿರೇಕಲ್ಲಿನ ಕಂಪೌಂಡು, ಅದರ ಮೇಲಿಂದ ರಸ್ತೆಗೆ ಬಾಗಿರೋ ದಾಸವಾಳ. ಅವ್ರಿಗೆ ಕಾಣೋದು 50-60 ಮೀಟರ್ ಇರಬಹುದು. ಅವ್ರು ದಾಟೋಕೆ ಶುರು ಮಾಡಿದಾಗ ರಸ್ತೆ ನಿಜಕ್ಕೂ ಖಾಲಿನೇ ಇರ್ತದೆ, ನಡುಮಧ್ಯ ಬಂದಾಗ ತಿರುವಿಂದ ಗಾಡಿ ಹೊರಗೆ ಬರ್ತದೆ. ಆಮೇಲೆ ಎಲ್ರೂ ಅಜ್ಜಿ ನೋಡ್ದೇ ದಾಟಿದ್ರು ಅಂತಾರೆ. ಅವ್ರು ನೋಡೇ ದಾಟಿರ್ತಾರೆ, ಕಾಣೋ ಹಂಗೆ ರಸ್ತೆ ಇಲ್ಲ ಅಷ್ಟೇ. ಸ್ಪೀಡು 30ಕ್ಕೆ ಇಳಿದ್ರೆ ಬೇಕಾದ ದೂರ 75 ಮೀಟರ್, ದಾಸವಾಳ ಕಡಿದು ಕ್ರಾಸಿಂಗ್ ಜಾಗ ತಿರುವಿಂದ ಸ್ವಲ್ಪ ಆಚೆ ಹಾಕಿದ್ರೆ ಅದು ಸಿಗ್ತದೆ.

ಮಗಳ ವಿಷಯ ಬೇರೆ, ಅದು ನಂಗೆ ಇನ್ನೂ ಆತಂಕ. ಪ್ರೈಮರಿ ವಯಸ್ಸಿನ ಮಕ್ಕಳಿಗೆ ದೂರದ ಗಾಡಿ ಎಷ್ಟು ಸ್ಪೀಡಲ್ಲಿ ಬರ್ತಿದೆ ಅಂತ ಅಂದಾಜು ಸಿಗೋದಿಲ್ಲ, ಕಣ್ಣು ಮಿದುಳು ಇನ್ನೂ ಅಷ್ಟು ಪಳಗಿರಲ್ಲ, ಗಾಡಿ ಜೋರಾದಷ್ಟೂ ಅವ್ರ ಅಂದಾಜು ತಪ್ತದೆ. ಎಷ್ಟು ಹೇಳಿಕೊಟ್ರೂ ಅದು ವಯಸ್ಸಿಂದ್ಲೇ ಬರ್ಬೇಕು. ವ್ಯಾನಿನ ಹತ್ರ ಆಗೋದು ಏನು ಅಂದ್ರೆ, ಸಂಜೆ ವ್ಯಾನು ಆಚೆ ಬದಿ ನಿಲ್ತದೆ, ಮಗು ಇಳೀತದೆ, ಬ್ಯಾಗು ಬೆನ್ನ ಮೇಲೆ, ಈಚೆ ಗೇಟಲ್ಲಿ ಅಮ್ಮನೋ ಅಜ್ಜಿಯೋ ನಿಂತಿರ್ತಾರೆ, ಮಗು ಅವ್ರ ಮುಖ ನೋಡ್ಕೊಂಡು ವ್ಯಾನಿನ ಮೂತಿ ಮುಂದಿಂದ ಓಡ್ತದೆ. ಹಿಂದಿಂದ ವ್ಯಾನ್ ಓವರ್‌ಟೇಕ್ ಮಾಡೋ ಬೈಕಿನವನಿಗೆ ಮಗು ಕಾಣೋದು ಎರಡು ಮೀಟರ್ ಇದ್ದಾಗ. ಯಾವ ಬ್ರೇಕೂ ಅಲ್ಲಿ ಸಾಲಲ್ಲ. ಇದಕ್ಕೆ ನಗರಸಭೆ ಬೇಡ, ನಾಳೆನೇ ಮಾಡಿ: ವ್ಯಾನಿನವ್ರ ಹತ್ರ ಮಾತಾಡಿ ಮನೆ ಬದಿಗೇ ಇಳ್ಸೋಕೆ ಹೇಳಿ, ಎರಡು ನಿಮಿಷದ ಸುತ್ತು ಆದ್ರೂ ಪರ್ವಾಗಿಲ್ಲ. ಅದು ಆಗೋದೇ ಇಲ್ಲ ಅಂದ್ರೆ ದೊಡ್ಡವ್ರೇ ಆಚೆ ಬದಿಗೆ ಹೋಗಿ ನಿಂತ್ಕೊಳ್ಳಿ, ವ್ಯಾನ್ ಹೊರಟು ರಸ್ತೆ ಎರಡೂ ಕಡೆ ಕಂಡ ಮೇಲೇ ಕೈ ಹಿಡ್ಕೊಂಡು ದಾಟಿ. ಈಚೆ ಗೇಟಲ್ಲಿ ನಿಂತು ಬಾ ಬಾ ಅಂತ ದಯವಿಟ್ಟು ಕರೀಬೇಡಿ.

ಇನ್ನು ಹಂಪಿನ ಜಗಳ. ಇದ್ರಲ್ಲಿ ನಿಮ್ಮ ಪಕ್ಕದ ಮನೆ ಅಣ್ಣ ಹೇಳೋದ್ರಲ್ಲೂ ನ್ಯಾಯ ಇದೆ. ನಮ್ಮೂರುಗಳಲ್ಲಿ ಹಂಪು ಅಂತ ಹಾಕಿರೋದು ಬಹಳಷ್ಟು ಒಂದೊಂದೂವರೆ ಅಡಿ ಅಗಲದ ದಿಣ್ಣೆ, ಅಷ್ಟೇ. ಅದ್ರ ಮೇಲೆ ಎಷ್ಟೇ ನಿಧಾನ ಹೋದ್ರೂ ಬೆನ್ನಿಗೆ ಹೊಡೀತದೆ, ಗರ್ಭಿಣಿಯರಿಗೆ, ಆಟೋದಲ್ಲಿ ಆಸ್ಪತ್ರೆಗೆ ಹೋಗೋರಿಗೆ ಶಿಕ್ಷೆ, ರಾತ್ರಿ ಕಾಣ್ದೇ ಬೈಕಿನವ್ರು ಹಾರಿ ಬೀಳ್ತಾರೆ. ಆದ್ರೆ ಅದು ಹಂಪೇ ಅಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಂತ ರಸ್ತೆಗಳ ಮಾನದಂಡ ಮಾಡೋ ಸಂಸ್ಥೆ ಇದೆ, ಅದರ ಐಆರ್‌ಸಿ 99 ಅನ್ನೋ ಮಾರ್ಗಸೂಚೀಲಿ ದುಂಡನೆ ಹಂಪಿನ ಅಳತೆ ಸ್ಪಷ್ಟ ಇದೆ: ಗಾಡಿ ಹೋಗೋ ದಿಕ್ಕಲ್ಲಿ 3.7 ಮೀಟರ್, ಅಂದ್ರೆ 12 ಅಡಿ ಹತ್ರ, ನಡು ಮಧ್ಯದಲ್ಲಿ ಎತ್ತರ 10 ಸೆಂಟಿಮೀಟರ್, ಅಂದ್ರೆ 4 ಇಂಚು. ಇದು ಗಂಟೆಗೆ 25 ಕಿ.ಮೀ.ಲಿ ದಾಟೋರಿಗೆ ಮೆಲ್ಲಗೆ ಎತ್ತಿ ಇಳ್ಸೋ ಹಂಗೆ ಇರೋ ಅಳತೆ, ಜೋರಾಗಿ ಬಂದವ್ರಿಗೆ ಮಾತ್ರ ಕುಲುಕ್ತದೆ. ಬೆನ್ನುನೋವಿನ ಅಣ್ಣನಿಗೆ ಈ ಅಳತೆ ಹೇಳಿ, ನೆಲದ ಮೇಲೆ ಚಾಕ್‌ಪೀಸಲ್ಲಿ 12 ಅಡಿ ಎಳೆದು ತೋರ್ಸಿ, ಒಪ್ತಾರೆ ಅನ್ನೋ ನಂಬಿಕೆ ನಂಗಿದೆ.

ಹುಡುಗ್ರು ತಾವೇ ಸಿಮೆಂಟ್ ಹಾಕೋದು ಮಾತ್ರ ಖಂಡಿತ ಬೇಡ. ಅವ್ರ ಕಾಳಜಿ ದೊಡ್ಡದು, ಆದ್ರೆ ಅನುಮತಿ ಇಲ್ದೇ ರಸ್ತೆ ಮೇಲೆ ಕಟ್ಟಿದ್ದಕ್ಕೆ ಯಾರಾದ್ರೂ ಬಿದ್ದು ಸತ್ರೆ ಕೇಸು ಆ ಹುಡುಗ್ರ ಮೇಲೇ ಬರ್ತದೆ. ಕಾನೂನು ಬಿಡಿ, ನೀರಿನ ಕತೆ ನೋಡಿ: ನಮ್ಮಲ್ಲಿ ಜೂನಿಂದ ಸೆಪ್ಟೆಂಬರ್ ತನ್ಕ ಬೀಳೋ ಮಳೆಗೆ ಹಂಪಿನ ಮೇಲ್ಬದಿ ನೀರು ಹೋಗೋ ದಾರಿ ಬಿಡದೇ ಇದ್ರೆ ಅಲ್ಲೇ ಕೆರೆ ಆಗ್ತದೆ, ಒಂದೇ ಮಳೆಗಾಲದಲ್ಲಿ ಡಾಂಬರು ಎದ್ದು ಹೊಂಡ ಬೀಳ್ತದೆ, ನೀರೊಳಗೆ ಹೊಂಡ ಯಾರಿಗೂ ಕಾಣಲ್ಲ. ಗಟಾರದ ಬದಿ ನೀರು ಹೋಗೋಕೆ ಸಂದು ಬಿಡ್ಬೇಕು, ಆ ಸಂದು ಬೈಕು ನುಗ್ಗೋವಷ್ಟು ಅಗಲ ಇರ್ಬಾರ್ದು, ಇದೆಲ್ಲ ಲೆವೆಲ್ ನೋಡಿ ಮಾಡೋ ಕೆಲಸ. ಸ್ಕ್ರೂ ಹೊಡೆದು ಕೂರಿಸೋ ರಬ್ಬರ್ ಪಟ್ಟಿಗಳೂ ಬೇಡ ಅಂತೇನೆ, ಒಂದೆರಡು ತುಂಡು ಕಿತ್ತು ಹೋದ್ಮೇಲೆ ಉಳಿದ ಬೋಲ್ಟುಗಳು ಟೈರಿಗೂ ಬರಿಗಾಲಿಗೂ ಅಪಾಯ. ಹಂಪು ತಿರುವಲ್ಲಿ ಇರ್ಬಾರ್ದು, ಕಡಿದಾದ ಇಳಿಜಾರಿನ ಬುಡದಲ್ಲಿ ಇರ್ಬಾರ್ದು. 40 ಮೀಟರ್ ಮೊದಲೇ ಎಚ್ಚರಿಕೆ ಬೋರ್ಡು, ಮೇಲೆ ಬಿಳಿ ಬಣ್ಣ, ಹತ್ರದಲ್ಲೇ ಬೀದಿದೀಪ ಇರ್ಬೇಕು. ಮತ್ತೆ ಒಂದೇ ಒಂದು ಹಂಪಿಂದ ಉಪಯೋಗ ಕಮ್ಮಿ, ದಾಟಿದ ಕೂಡ್ಲೇ ಮತ್ತೆ ಎಳೀತಾರೆ. 100ರಿಂದ 120 ಮೀಟರಿಗೊಂದು ಇದ್ರೆ ಓಣಿ ಉದ್ದಕ್ಕೂ ಸ್ಪೀಡು ಒಂದೇ ಥರ ಕೆಳಗಿರ್ತದೆ.

ಡೇರಿ ಎದುರು ನಾನು ಹೇಳಿದ ಎತ್ತರದ ಕ್ರಾಸಿಂಗು ಅಂದ್ರೆ ಹಂಪೇ, ಆದ್ರೆ ಮೇಲ್ಗಡೆ ಕಟ್ಟೆ ಥರ ಸಪಾಟು, ಎರಡೂ ಬದಿ ಗಾಡಿಗೆ ಇಳಿಜಾರು, ಆ ಸಪಾಟಿನ ಮೇಲೇ ಜೀಬ್ರಾ ಪಟ್ಟೆ. ಟೇಬಲ್ ಟಾಪ್ ಅಂತಾರೆ ಇಂಜಿನಿಯರುಗಳು, ಅರ್ಜೀಲೂ ಅದನ್ನೇ ಬರೀರಿ. ಫುಟ್‌ಪಾತಿನ ಮಟ್ಟದಲ್ಲೇ ಇರೋದ್ರಿಂದ ಅತ್ತೆಯವ್ರು ಮೆಟ್ಟಿಲು ಇಳಿದು ಹತ್ತೋದು ಬೇಡ, ವೀಲ್‌ಚೇರ್ ಸಲೀಸಾಗಿ ಹೋಗ್ತದೆ, ಗಾಡಿಯವ್ರಿಗೆ ದಾಟೋರು ನಾಲ್ಕು ಇಂಚು ಎತ್ತರದಲ್ಲಿ ಕಾಣ್ತಾರೆ, ಮತ್ತೆ ಗಾಡಿ ಹೇಗೂ ನಿಧಾನ ಆಗ್ಲೇಬೇಕು. ಪಟ್ಟೆ ಬರೀ ಪೇಂಟಲ್ಲಿ ಬೇಡ, ಗಾಜಿನ ಮಣಿ ಬೆರೆಸಿದ ಥರ್ಮೋಪ್ಲಾಸ್ಟಿಕ್ ಕೇಳಿ, ರಾತ್ರಿ ಹೆಡ್‌ಲೈಟಿಗೆ ಹೊಳೀತದೆ. ಅದನ್ನ ಪೂರ್ತಿ ಒಣಗಿದ ರಸ್ತೆ ಮೇಲೇ ಹಾಕ್ಬೇಕು, ಮಳೆ ಮುಗಿದ ಮೇಲೆ. ಜಾಗ ನೀವೇ ತೋರ್ಸಿ, ಎರಡು ದಿನ ಬೆಳಿಗ್ಗೆ ಜನ ಎಲ್ಲಿ ದಾಟ್ತಾರೆ ನೋಡಿ, ಅಲ್ಲೇ ಹಾಕ್ಸಿ. 50 ಮೀಟರ್ ಆಚೆ ಹಾಕಿದ್ರೆ ಯಾರೂ ಅಲ್ಲಿ ತನ್ಕ ನಡ್ಕೊಂಡು ಹೋಗಲ್ಲ. ಡೇರಿಗೆ ಬರೋರು ಸ್ಕೂಟರ್ ತಂದು ಕ್ರಾಸಿಂಗ್ ಬಾಯಿಗೇ ನಿಲ್ಸಿದ್ರೆ ಎಲ್ಲಾ ಹಾಳು, ಎರಡೂ ಕಡೆ ಹತ್ತು ಹತ್ತು ಮೀಟರ್ ಕಂಬ ನೆಟ್ಟು ಖಾಲಿ ಇಡ್ಲೇಬೇಕು.

ಇದಕ್ಕಿಂತ ಅಗ್ಗದ್ದು ಒಂದಿದೆ, ಅದು ಓಣಿ ಬಾಯಿ ಕಿರಿದು ಮಾಡೋದು. ದೊಡ್ಡ ರಸ್ತೆಯಿಂದ ನಿಮ್ಮ ಓಣಿಗೆ ತಿರುಗೋ ಮೂಲೆ ವಿಶಾಲವಾಗಿ ದುಂಡಗಿದ್ರೆ ಗಾಡಿಗಳು ಬ್ರೇಕ್ ಮುಟ್ಟದೇ ಒಳಗೆ ಬರ್ತವೆ. ಆ ಮೂಲೆ ಚೂಪು ಮಾಡಿ, ಬಾಯಿ ಕಿರಿದು ಮಾಡಿದ್ರೆ ಎಲ್ರೂ ನಿಧಾನ ಮಾಡೇ ಒಳಗೆ ಬರ್ಬೇಕು, ಶಾರ್ಟ್‌ಕಟ್ ಅನ್ನೋ ಆಸೆನೂ ಕಮ್ಮಿ ಆಗ್ತದೆ. ಕಾಂಕ್ರೀಟ್ ಹಾಕೋ ಮೊದಲು ನಗರಸಭೆಯವ್ರ ಒಪ್ಪಿಗೆ ತಗೊಂಡು ಮರಳು ತುಂಬಿದ ಡ್ರಮ್ಮು, ಕೋನು ಇಟ್ಟು ಎರಡು ವಾರ ನೋಡ್ಲಿ, ಆಂಬುಲೆನ್ಸು, ಫೈರ್ ಗಾಡಿ, ಕಸದ ಗಾಡಿ ಸರಾಗ ತಿರುಗ್ತದಾ ಅಂತ. ನನ್ನ ಅಭಿಪ್ರಾಯದಲ್ಲಿ ನಮ್ಮ ಜಿಲ್ಲೆ ಊರುಗಳಿಗೆ ಇದು ಬಹಳ ಹೊಂದ್ತದೆ, ಯಾರೂ ಮಾಡ್ತಾ ಇಲ್ಲ ಅನ್ನೋದೇ ಬೇಜಾರು.

ಈಗ ಕಾನೂನು, ಯಾಕಂದ್ರೆ ಇಲ್ಲೇ ಬಹಳ ಅರ್ಜಿ ಸೋಲೋದು. 2018ರ ಏಪ್ರಿಲಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆ ಪ್ರಕಾರ ನಗರಸಭೆ ಮಿತಿಯ ರಸ್ತೇಲಿ ಕಾರಿನ ಗರಿಷ್ಠ ಮಿತಿ 70 ಕಿ.ಮೀ., ಬೈಕಿಗೆ 60, ಆಟೋಗೆ 50. ಹೌದು, 70! ಕಮ್ಮಿ ಮಿತಿ ಬೇಕು ಅಂದ್ರೆ ಮೋಟಾರು ವಾಹನ ಕಾಯ್ದೆ ಕಲಂ 112ರಡಿ ರಾಜ್ಯ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟವ್ರು ಆ ರಸ್ತೆಗೆ ಮಿತಿ ಹಾಕಿ ಕಲಂ 116ರ ಪ್ರಕಾರ ಬೋರ್ಡ್ ನಿಲ್ಸಬೇಕು. ನೀವೇ ತಗಡಲ್ಲಿ 20 ಅಂತ ಬರ್ದು ನೇತುಹಾಕಿದ್ರೆ ಆ ಬೋರ್ಡಿನ ಮೇಲೆ ಪೊಲೀಸರು ಕೇಸ್ ಹಾಕೋಕಾಗಲ್ಲ. ಅಧಿಸೂಚನೆ ಆಯ್ತು ಅಂದ್ರೆ ಕಲಂ 183 ಕೆಲಸಕ್ಕೆ ಬರ್ತದೆ, ಕಾರು ಬೈಕಿಗೆ ಸಾವಿರದಿಂದ ಎರಡು ಸಾವಿರ ರೂಪಾಯಿ ದಂಡ. ಜೀಬ್ರಾ ಮೇಲೆ ದಾಟೋರಿಗೆ ಗಾಡಿ ನಿಲ್ಸಿ ದಾರಿ ಬಿಡ್ಬೇಕು ಅಂತ 2017ರ ಚಾಲನಾ ನಿಯಮಾವಳೀಲೇ ಇದೆ. ಹೈಸ್ಕೂಲು, ಪಿಯುಸಿ ಹುಡುಗ್ರು ಲೈಸೆನ್ಸ್ ಇಲ್ದೇ ಬೈಕ್ ಹಾರ್ಸೋದು ನಿಮ್ಮ ಓಣೀಲೂ ಇದ್ರೆ ಅವ್ರ ಅಪ್ಪ ಅಮ್ಮನಿಗೆ ಕಲಂ 199ಎ ಬಗ್ಗೆ ನೆನಪು ಮಾಡಿ, 25 ಸಾವಿರ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿ ನೋಂದಣಿ ಒಂದು ವರ್ಷ ರದ್ದು. ರಸ್ತೆ ಮಾಡೋರಿಗೂ ಹೊಣೆ ಇದೆ, ಕಲಂ 198ಎ ಪ್ರಕಾರ ವಿನ್ಯಾಸ, ನಿರ್ವಹಣೆಯ ಮಾನದಂಡ ಪಾಲಿಸದೇ ಅದ್ರಿಂದ ಸಾವು ಅಥವಾ ಅಂಗವಿಕಲತೆ ಆದ್ರೆ ಒಂದು ಲಕ್ಷದವರೆಗೆ ದಂಡ. ಫುಟ್‌ಪಾತಲ್ಲಿ ನಡೆಯೋದು ಸಂವಿಧಾನದ 21ನೇ ವಿಧಿಯ ಜೀವಿಸೋ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ, ಅದನ್ನೂ ಅರ್ಜೀಲಿ ಒಂದು ಸಾಲು ಸೇರ್ಸಿ.

ಯಾರಿಗೆ ಬರೀಬೇಕು ಅನ್ನೋದಕ್ಕೆ ಮೊದಲು ರಸ್ತೆ ಯಾರದ್ದು ಅಂತ ತಿಳ್ಕೊಳ್ಳಿ. ಬಡಾವಣೆ ಒಳರಸ್ತೆ ಸಾಮಾನ್ಯವಾಗಿ ನಗರಸಭೆದು, ಹಾಗಿದ್ರೆ ಅರ್ಜಿ ಪೌರಾಯುಕ್ತರಿಗೆ, ಪ್ರತಿ ವಾರ್ಡ್ ಮೆಂಬರಿಗೆ, ಇನ್ನೊಂದು ಪ್ರತಿ ಪೊಲೀಸ್ ಠಾಣೆಗೆ. ಪಿಡಬ್ಲ್ಯುಡಿ ರಸ್ತೆ ಆದ್ರೆ ಅವ್ರ ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರಿಗೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಕಾರವಾರದಲ್ಲಿದೆ, ಅಲ್ಲಿಗೂ ಒಂದು ಪ್ರತಿ ಕಳ್ಸಿ, ಸ್ಪೀಡ್ ಮಿತಿ ವಿಷಯ ಎತ್ತೋಕೆ ಅದೇ ಸರಿಯಾದ ಜಾಗ. ಪ್ರತಿ ಅರ್ಜಿಗೂ ಸ್ವೀಕೃತಿ ಸೀಲು ಹಾಕಿಸ್ಕೊಳ್ಳಿ. ಕುಮಟಾ, ಅಂಕೋಲಾ, ಹೊನ್ನಾವರ ಕಡೆಯವ್ರು ಇದನ್ನ ಓದ್ತಾ ಇದ್ರೆ, ನಿಮ್ಮ ಮನೆ ಎದುರಿನದು ಹೆದ್ದಾರಿ 66 ಆದ್ರೆ ಅಲ್ಲಿ ಹಂಪ್ ಕೇಳಿ ಪ್ರಯೋಜನ ಇಲ್ಲ, ರಾಷ್ಟ್ರೀಯ ಹೆದ್ದಾರೀಲಿ ಹಂಪು ಬೇಡ ಅನ್ನೋದು ಕೇಂದ್ರ ಸಚಿವಾಲಯದ ನಿಲುವು, ಅಲ್ಲಿ ಅಂಡರ್‌ಪಾಸು, ಸಿಗ್ನಲ್ಲು, ಸರ್ವಿಸ್ ರಸ್ತೆ ಅಂತ ಬೇರೆಯೇ ಹೋರಾಟ.

ಆದ್ರೆ ಅರ್ಜಿ ಬರೆಯೋಕೆ ಮೊದಲು ಅಳತೆ ಮಾಡಿ, ಇದು ನನ್ನ ಮುಖ್ಯ ಮಾತು. "ಗಾಡಿಗಳು ಬಹಳ ಜೋರು" ಅಂತ ಬರೆದ್ರೆ ಫೈಲಲ್ಲಿ ಮಲಗ್ತದೆ. ಓಣೀಲಿ ಸರಿಯಾಗಿ 50 ಮೀಟರ್ ಟೇಪಲ್ಲಿ ಅಳೆದು ಎರಡು ತುದಿಗೂ ಸುಣ್ಣದ ಗೆರೆ ಹಾಕಿ, ಒಬ್ರು ಮೊದಲ ಗೆರೆ ಹತ್ರ ಕೈ ಎತ್ತಿ ಸನ್ನೆ ಮಾಡೋದು, ಇನ್ನೊಬ್ರು ಫೋನಿನ ಸ್ಟಾಪ್‌ವಾಚ್ ಒತ್ತೋದು, ಇಬ್ರೂ ಕಂಪೌಂಡಿನ ಒಳಗೆ ನಿಂತು. 6 ಸೆಕೆಂಡಲ್ಲಿ ದಾಟಿದ ಗಾಡಿ 30ರಲ್ಲಿದೆ, 4.5 ಸೆಕೆಂಡ್ ಅಂದ್ರೆ 40, 3.6 ಅಂದ್ರೆ 50. ಮಾಮೂಲಿ ವಾರದ ದಿನ ಬೆಳಿಗ್ಗೆ ಶಾಲೆ ಹೊತ್ತಲ್ಲಿ, ಸಂಜೆ ಶಾಲೆ ಬಿಡೋ ಹೊತ್ತಲ್ಲಿ ಮಾಡಿ. ಮಾರಿಕಾಂಬಾ ಜಾತ್ರೆ ಸಮಯದ ಲೆಕ್ಕ ಬೇಡ, ಆವಾಗ ಊರಿಗೆ ಊರೇ ಬೇರೆ ಇರ್ತದೆ, ಆಫೀಸಿನವ್ರು ಅದನ್ನೇ ಹಿಡ್ಕೊಂಡು ಬಿಡ್ತಾರೆ. 100 ಗಾಡಿ ಬರ್ಕೊಂಡು ನಿಧಾನದ್ದರಿಂದ ಜೋರಿಗೆ ಸಾಲಾಗಿ ಇಟ್ರೆ 85ನೇ ಗಾಡಿ ಸ್ಪೀಡ್ ಎಷ್ಟೋ ಅದನ್ನ ಅರ್ಜೀಲಿ ಮೊದಲ ಸಾಲಲ್ಲೇ ಬರೀರಿ. ಇಂಜಿನಿಯರುಗಳು ನೋಡೋದು ಅದೇ ಸಂಖ್ಯೆ, ಸರಾಸರಿ ಬರೆದ್ರೆ ಜೋರಿನವ್ರು ಅದ್ರಲ್ಲಿ ಮುಚ್ಚಿಹೋಗ್ತಾರೆ. ಜೊತೆಗೆ ದಾಟೋರ ಸಂಖ್ಯೆ, ಅದ್ರಲ್ಲಿ ಮಕ್ಕಳೆಷ್ಟು ಹಿರಿಯರೆಷ್ಟು, ಎಲ್ಲಿ ಕಾಣಲ್ಲ ಅನ್ನೋದರ ಫೋಟೋ, ಕೈಯಲ್ಲಿ ಬರೆದ ಒಂದು ನಕ್ಷೆ.

ಅಳೆಯೋವಾಗ ಇನ್ನೊಂದು ನೋಡ್ಕೊಳ್ಳಿ, ಹೊರಗಿನ ಗಾಡಿ ಎಷ್ಟು, ಓಣಿಯದ್ದೇ ಎಷ್ಟು ಅಂತ. ವೀಕೆಂಡಿಗೆ ಸಹಸ್ರಲಿಂಗ, ಬನವಾಸಿ ನೋಡೋಕೆ ಬರೋರ ಮೇಲೆ ಸಿಟ್ಟು ಸುಲಭ, ಆದ್ರೆ ದಿನಾ ಬೆಳಿಗ್ಗೆ ಆಫೀಸಿಗೆ ಲೇಟಾಯ್ತು ಅಂತ ಎಳೆಯೋದು ಬಹಳ ಸಲ ನಮ್ಮ ಕೆಎ-31 ನಂಬರೇ, ಅದ್ರಲ್ಲೂ ಎಷ್ಟೋ ನಿಮ್ಮದೇ ಸಾಲಿನ ಮನೆಯದ್ದು. ಹಾಗಿದ್ರೆ ಅವ್ರ ಮನೆಗೆ ಹೋಗಿ ಅತ್ತೆಯವ್ರನ್ನೂ ಕರ್ಕೊಂಡು ಹೋಗಿ ಮಾತಾಡಿ, ಬೈಯೋದು ಬೇಡ, 9 ಸೆಕೆಂಡಿನ ಲೆಕ್ಕ ಹೇಳಿ. ಅರ್ಜೀಲಿ ಅವ್ರ ಸಹಿನೂ ಇರ್ಲಿ.

ಹೊತ್ತಿನ ವಿಷಯ: ಡಾಂಬರು, ಬಣ್ಣದ ಕೆಲಸ ನಮ್ಮಲ್ಲಿ ಆಗೋದು ಮಳೆ ನಿಂತ ಮೇಲೆ. ಅದಕ್ಕೆ ಅರ್ಜಿ, ಸ್ಥಳ ಪರಿಶೀಲನೆ, ಎಸ್ಟಿಮೇಟು ಮಳೆಗಾಲದಲ್ಲೇ ಮುಗೀಬೇಕು, ನವೆಂಬರಲ್ಲಿ ಕೇಳೋಕೆ ಹೋದ್ರೆ ಇನ್ನೊಂದು ಮಳೆಗಾಲ ಹೋಗ್ತದೆ. ಕೆಲಸ ಮಾಡೋ ದಿನ ಯಾರಾದ್ರೂ ಟೇಪ್ ಹಿಡ್ಕೊಂಡು ಅಲ್ಲೇ ನಿಂತಿರಿ, 3.7 ಮೀಟರ್ ಇದೆಯಾ, 10 ಸೆಂಟಿಮೀಟರ್ ಇದೆಯಾ ಅಂತ, ಬಿಸಿ ಡಾಂಬರು ಇರೋವಾಗ ತಿದ್ದೋದು ಸುಲಭ. ಆಮೇಲೆ ಒಂದು ತಿಂಗಳು ಬಿಟ್ಟು ಅದೇ ಸುಣ್ಣದ ಗೆರೆ ಹಾಕಿ ಮತ್ತೆ 100 ಗಾಡಿ ಅಳೀರಿ. 85ನೇ ಗಾಡಿ 30ರ ಒಳಗೆ ಬಂದಿದ್ರೆ ಸರಿ. ಇನ್ನೂ 40ರ ಹತ್ರ ಇದ್ರೆ ಹಂಪುಗಳ ಮಧ್ಯೆ ದೂರ ಜಾಸ್ತಿ ಆಗಿದೆ ಅಂತ ಅರ್ಥ, ನಡುವೆ ಇನ್ನೊಂದು ಕೇಳಿ. ಎರಡೂ ಸಲದ ಲೆಕ್ಕ ಆ ಅರ್ಜಿಗೆ ಲಗತ್ತು ಮಾಡಿ.